ನೀನ್ಯಾವ ದೊಣ್ಣೆನಾಯಕ?

"ನನ್ ದುಡ್ಡ ನಂಗ್ ಕೊಡಕ್ಕೆ ನೀನ್ಯಾವ ದೊಣ್ಣೆನಾಯ್ಕ ಕನಪ್ಪ?"

ಈ ಮಾತು ಹೇಳಿಸಿಕೊಂಡವನು ನಾನೇ. ಕೌಂಟರಿನ ಗಾಜಿನ ಒಳಗಡೆ ಕೂತಿದ್ದೆ. ಹೇಳಿದವರು ಎಪ್ಪತ್ತು ದಾಟಿದ ಅಜ್ಜ, ತಾಳವಾಡಿ ಕಡೆಯವರು, ನಮ್ಮ ಸೀಮೆಯವರೇ. ಅವರ ಖಾತೆಯ ಕೆವೈಸಿ ಹಳೇದಾಗಿತ್ತು, ಹಣ ತಡೆಹಿಡಿದಿತ್ತು. ಬೆರಳಿಡಿ ಅಂದೆ. ಆಲೂಗಡ್ಡೆ ಅಗೆದು, ಅರಿಶಿನ ಕಿತ್ತು ಸವೆದ ಬೆರಳು, ಮಷೀನು ಹಿಡೀಲಿಲ್ಲ. ನಾಳೆ ಬನ್ನಿ ಅಂದೆ. ಬಂದ್ರು. ಆಧಾರ್ ಜೆರಾಕ್ಸ್ ತನ್ನಿ ಅಂದೆ. ತಂದ್ರು. ಸರ್ವರ್ ಇಲ್ಲ, ಊಟ ಆದ್ಮೇಲೆ ಬನ್ನಿ ಅಂದೆ. ಮೂರನೇ ಸಲ ಮತ್ತೆ ಬೆರಳಿಡಿ ಅಂದಾಗ ಅಜ್ಜ ಈ ಮಾತು ಆಡಿದ್ರು. ಜೋರಾಗಿ ಅಲ್ಲ. ಸುಮ್ನೆ ಕೇಳಿದ ಹಂಗೆ ಕೇಳಿದ್ರು. ಸಾಲಿನಲ್ಲಿ ನಿಂತಿದ್ದವರೆಲ್ಲ ನಕ್ಕರು.

ನನಗೆ ಮುಖ ಕೆಂಪಾಯ್ತು, ಸುಳ್ಳು ಯಾಕೆ ಹೇಳಲಿ. ಹಿಂದಿನ ಟೇಬಲ್‌ನಿಂದ ಹಿರಿಯ ಸಹೋದ್ಯೋಗಿ ಒಬ್ಬರು ಅಂದ್ರು: "ಈ ಬಾರ್ಡರ್ ಜನದ ಬಾಯೇ ಹಿಂಗೆ. ಕನ್ನಡವೂ ನೆಟ್ಟಗಿಲ್ಲ, ತಮಿಳೂ ನೆಟ್ಟಗಿಲ್ಲ. ಬೈಗುಳ ಮಾತ್ರ ಚೆನ್ನಾಗಿ ಬರುತ್ತೆ." ಇನ್ನೊಬ್ಬರು, "ಎಷ್ಟು ಸೊಕ್ಕು ನೋಡಿ ಮುದುಕನಿಗೆ" ಅಂದ್ರು.

ಈ ಎರಡು ಮಾತಿಗೆ ಉತ್ತರ ಕೊಡೋಕೆ ಇದನ್ನ ಬರೀತಿದ್ದೀನಿ. ನಾನು ಕಾಮರ್ಸ್ ಓದಿದವನು, ಭಾಷಾ ಪಂಡಿತ ಅಲ್ಲ. ಆದ್ರೆ ಲೆಕ್ಕ ಗೊತ್ತು. ದೊಡ್ಡವರು ಅನ್ನಿಸಿಕೊಂಡವರನ್ನ ಆಡಿಕೊಳ್ಳೋಕೆ ನಮ್ಮ ಜನ ಕಟ್ಟಿಟ್ಟ ಪದಗಳಿದಾವಲ್ಲ, ಅವು ಬಾಯಿಗೆ ಬಂದ ಬೈಗುಳಗಳಲ್ಲ. ಯಾರು ಯಾವ ಕಾಲದಲ್ಲಿ ನಮ್ಮ ತಲೆ ಮೇಲೆ ಕೂತಿದ್ರು ಅನ್ನೋದರ ಲೆಡ್ಜರ್ ಅದು. ಒಂದೊಂದು ಎಂಟ್ರಿನೂ ತೆಗೆದು ನೋಡಬಹುದು.

ಮೊದಲು ದೊಣ್ಣೆನಾಯಕ.

ದೊಣ್ಣೆ ಹಿಡಿದ ರೌಡಿ ಅಂತ ಬಹಳ ಜನ ಅರ್ಥ ಮಾಡ್ಕೊಂಡಿದಾರೆ. ಹಾಗಿದ್ರೆ ರೌಡಿಗೆ ನಾಯಕ ಪಟ್ಟ ಯಾಕೆ? ಸಂಸ್ಕೃತದಲ್ಲಿ ದಂಡ ಅಂದ್ರೆ ಕೋಲೂ ಹೌದು, ಸೈನ್ಯವೂ ಹೌದು. ಸೈನ್ಯ ನಡೆಸುವವನು ದಂಡನಾಯಕ. ಶಾಸನಗಳಲ್ಲೇ ಈ ಪದ ಸವೆದು ದಣ್ಣಾಯಕ ಆಗಿದೆ. ದೊರೆಗಳ ದಂಡು ನಿಂತುಹೋದ ಮೇಲೆ ಜನರ ಕಿವಿಗೆ ದಂಡ ಹೋಗಿ ಕೈಯಲ್ಲಿರೋ ದೊಣ್ಣೆ ಉಳೀತು. ಪದವಿ ಹೋಯ್ತು, ಗತ್ತು ಉಳೀತು. ಆ ಗತ್ತಿಗೆ ಜನ ಇಟ್ಟ ಹೆಸರು ದೊಣ್ಣೆನಾಯಕ. ನನಗೆ ಮನಸ್ಸಿಗೆ ಒಪ್ಪೋ ದಾರಿ ಇದು.

ಅವರೇನು ಸಣ್ಣ ಜನ ಅಲ್ಲ ಸ್ವಾಮಿ. ಚೋಳರ ಕೈಯಿಂದ ತಲಕಾಡನ್ನ ಬಿಡಿಸಿಕೊಟ್ಟ ಗಂಗರಾಜ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ. ಅದೇ ವಿಷ್ಣುವರ್ಧನನ ಇನ್ನೊಬ್ಬ ದಂಡನಾಯಕ ಪುಣಿಸ. 1117ರ ಚಾಮರಾಜನಗರದ ಶಾಸನ ಅವನನ್ನ ಹೊಗಳೋದು ಹೇಗೆ ಗೊತ್ತಾ? ತೊದವರನ್ನ ಹೆದರಿಸಿದ, ಕೊಂಗರನ್ನ ಓಡಿಸಿದ, ನೀಲಗಿರಿಯನ್ನ ಗೆದ್ದ ಅಂತ. ಶಾಸನಕ್ಕೆ ಅದು ಬಿರುದು. ಹೆದರಿದ ತೊದವರ ಮನೆಯಲ್ಲಿ ಅದನ್ನ ಏನಂತ ನೆನಪಿಟ್ಟುಕೊಂಡಿರ್ತಾರೆ? ಕಲ್ಲಿನಲ್ಲಿ ಕೆತ್ತಿಸೋಕೆ ಅವರ ಹತ್ರ ಕವಿ ಇರಲಿಲ್ಲ, ಕಲ್ಲುಕುಟಿಗ ಇರಲಿಲ್ಲ. ಇಂಥ ಜನಕ್ಕೆ ಉಳಿಯೋದು ಬಾಯಿ ಒಂದೇ.

ನಮ್ಮ ತಾಳವಾಡಿಯಿಂದ ದಿಂಬಂ ಘಾಟಿಯ 27 ತಿರುವು ಇಳಿದು ಬಣ್ಣಾರಿ ದಾಟಿದ್ರೆ ಭವಾನಿಸಾಗರ ಅಣೆಕಟ್ಟು. ಆ ಜಲಾಶಯದ ತಳದಲ್ಲಿ ಒಂದು ಕೋಟೆ ಮುಳುಗಿದೆ. ಹೆಸರು ಡಣಾಯಕನ ಕೋಟೆ. ಅದೇ ದಣ್ಣಾಯಕ. 1955ರ ಹೊತ್ತಿಗೆ ಅಣೆಕಟ್ಟು ಮುಗೀತು, ಕೋಟೆ ನೀರಿನಡಿ ಹೋಯ್ತು. ಬೇಸಿಗೆಯಲ್ಲಿ ನೀರು ತೀರಾ ಇಳಿದ್ರೆ ಅಲ್ಲಿನ ಹಳೇ ದೇವಸ್ಥಾನ ತಲೆ ಎತ್ತುತ್ತೆ, ಜನ ನೋಡೋಕೆ ಹೋಗ್ತಾರೆ. ದಣ್ಣಾಯಕನ ಕೋಟೆ ವರ್ಷದಲ್ಲಿ ಬಹುಪಾಲು ನೀರಿನಡಿ. ದೊಣ್ಣೆನಾಯಕ ಮಾತ್ರ ನಮ್ಮ ಬಾಯಲ್ಲಿ ದಿನಾ ಏಳ್ತಾನೆ, ಬೀಳ್ತಾನೆ. ನಮ್ಮ ಅಜ್ಜ ಆಡಿದ್ದು ಇಷ್ಟು ಹಳೇ ಮಾತು. ಇದಕ್ಕೆ ಕನ್ನಡ ನೆಟ್ಟಗಿಲ್ಲ ಅಂತೀರಲ್ಲ!

ಎರಡನೇ ಎಂಟ್ರಿ, ಪಾಳೇಗಾರ. "ಏನ್ ಪಾಳೇಗಾರಿಕೆ ಮಾಡ್ತಿದೀಯಾ?" ಅಂತ ನಾವೆಲ್ಲ ಕೇಳಿದೀವಿ. ಪಾಳೆಯ ಅಂದ್ರೆ ದಂಡು ಬೀಡುಬಿಟ್ಟ ಜಾಗ, ಅದರ ಒಡೆಯ ಪಾಳೇಗಾರ. ವಿಜಯನಗರ ಬಿದ್ದ ಮೇಲೆ ರಾಯದುರ್ಗ, ಮಡಕಶಿರಾ ಸೀಮೆಯಲ್ಲಿ ಇವರದೇ ಆಳ್ವಿಕೆ. ಊರಿಗೊಂದು ಕೋಟೆ, ಕೋಟೆಗೊಬ್ಬ ದೊರೆ, ಅವನಿಗೆ ಇಷ್ಟ ಬಂದಷ್ಟು ಕಂದಾಯ. 1800ರಲ್ಲಿ ನಿಜಾಮ ಬಳ್ಳಾರಿ, ಆದೋನಿ, ಅನಂತಪುರ, ಕಡಪ ಸೀಮೆಯನ್ನ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಗೆ ಪ್ರಿನ್ಸಿಪಲ್ ಕಲೆಕ್ಟರ್ ಆಗಿ ಬಂದ ಥಾಮಸ್ ಮನ್ರೋ 1807ರವರೆಗೆ ಇದ್ದ. ಪಾಳೇಗಾರರ ಹಲ್ಲು ಕಿತ್ತವನು ಅವನು.

ಮಜಾ ನೋಡಿ. ಪಾಳೇಗಾರನನ್ನ ಇಳಿಸಿ ಕೂತವನು ಕಲೆಕ್ಟರ್. ಸ್ವಲ್ಪ ಕಾಲಕ್ಕೆ ಆ ಕಲೆಕ್ಟರ್ ಅನ್ನೋ ಪದವೂ ಜನರ ಬಾಯಿಗೆ ಬಿತ್ತು. "ನೀನೇನ್ ದೊಡ್ ಕಲೆಕ್ಟರಾ?" ಮನ್ರೋ ಮೇಲೆ ಜನಕ್ಕೆ ಸಿಟ್ಟಿತ್ತು ಅಂತಲ್ಲ. ಮಕ್ಕಳಿಗೆ ಮನ್ರೋಲಪ್ಪ ಅಂತ ಹೆಸರಿಟ್ಟ ಸೀಮೆ ಅದು. ಒಳ್ಳೆಯವನ ಹೆಸರು ಮಗುವಿಗೆ, ಅವನು ಕೂತ ಕುರ್ಚಿಯ ಹೆಸರು ಗೇಲಿಗೆ. ಜನ ಮನುಷ್ಯನನ್ನೂ ಕುರ್ಚಿಯನ್ನೂ ಬೇರೆ ಬೇರೆ ಖಾತೆಯಲ್ಲಿ ಬರೆದುಕೊಂಡ್ರು. ಆಡಿಟರ್ ಕೂಡ ತಪ್ಪು ಹುಡುಕೋಕಾಗಲ್ಲ.

ಆಮೇಲೆ ದೊರೆ. ನೀಲಗಿರಿಯ ಟೀ ಎಸ್ಟೇಟುಗಳಲ್ಲಿ ಮ್ಯಾನೇಜರು ಅಂದ್ರೆ ದೊರೆ, ತಮಿಳಿನಲ್ಲಿ ದುರೈ. ಬಿಳಿಯರು ಹೋಗಿ ನಮ್ಮವರೇ ಆ ಬಂಗಲೆಗೆ ಬಂದ್ರೂ ದೊರೆ ಪದ ಹೋಗಲಿಲ್ಲ. ಎಲೆ ಕೊಯ್ಯೋ ಹೆಂಗಸರು ಎದುರಿಗೆ ದೊರೆ ಅಂತಾರೆ, ಆತ ಅತ್ತ ಹೋದ ಮೇಲೆ ಅದೇ ಪದ ರಾಗ ಎಳೆದು ಹೇಳಿ ನಗ್ತಾರೆ. ಒಂದೇ ಪದ, ರಾಗ ಬೇರೆ. ಮನೆಯಲ್ಲಿ ಕೂತ ಕಡೆ ಕಾಫಿ ಕೇಳೋ ಮಗನಿಗೂ "ಬಂದ್ರು ನೋಡು ದೊಡ್ ದೊರೆ" ಅಂತೀವಿ.

ಹೊಸೂರಿನ ಕಡೆ ಹೋದ್ರೆ ಲಾರ್ಡ್ ಲಬಕ್‌ದಾಸ್ ಸಿಗ್ತಾನೆ. ತಮಿಳಿನವರೂ ಅಂತಾರೆ, ನಾವೂ ಅಂತೀವಿ. ಯಾರಪ್ಪ ಈ ಲಾರ್ಡು ಅಂತ ನಾನು ಸಣ್ಣವನಿದ್ದಾಗ ಇತಿಹಾಸದ ಪುಸ್ತಕದಲ್ಲಿ ಹುಡುಕಿದ್ದೆ. ಕಾರ್ನ್‌ವಾಲಿಸ್ ಸಿಕ್ಕ, ವೆಲ್ಲೆಸ್ಲಿ ಸಿಕ್ಕ, ಕರ್ಜನ್ ಸಿಕ್ಕ, ಲಬಕ್‌ದಾಸ್ ಸಿಗಲಿಲ್ಲ. ಇದ್ರೆ ತಾನೇ ಸಿಗೋಕೆ! ಲಬಕ್ ಅಂತ ನುಂಗೋ ಸದ್ದಿಗೆ ಮುಂದೆ ಲಾರ್ಡು, ಹಿಂದೆ ದಾಸ ಸೇರಿಸಿ ಜನ ತಾವೇ ಒಬ್ಬ ಗವರ್ನರ್ ಜನರಲ್‌ನನ್ನ ನೇಮಕ ಮಾಡ್ಕೊಂಡ್ರು. ಮುಂದಿನಿಂದ ನೋಡಿದ್ರೆ ಒಡೆಯ, ಹಿಂದಿನಿಂದ ನೋಡಿದ್ರೆ ಆಳು, ನಡುವೆ ನುಂಗೋ ಬಾಯಿ. ಒಂದು ಇಡೀ ಆಡಳಿತವನ್ನ ಮೂರು ತುಂಡಲ್ಲಿ ಹೇಳಿದ ಆ ಅನಾಮಿಕನಿಗೆ ಯಾವ ಪ್ರಶಸ್ತಿ ಕೊಡೋದು?

ಇನ್ನು ಪುಢಾರಿ. ಇದರ ಕಥೆ ನನಗೆ ಹೇಳಿದವನು ಬ್ಯಾಂಕ್ ಟ್ರೈನಿಂಗ್‌ನಲ್ಲಿ ರೂಮ್‌ಮೇಟ್ ಆಗಿದ್ದ ಅಕ್ಕಲಕೋಟೆಯ ಗೆಳೆಯ. ಒಂದಿನ ಟಿವಿ ನೋಡ್ತಾ ನಾನು "ಇವರೆಲ್ಲ ಮರಿ ಪುಢಾರಿಗಳು" ಅಂದೆ. ಅವನು ನಕ್ಕ. "ಹಂಗ ನಮ್ಮ ಕಡಿ ಅಂದ್ರ ಅವರು ಶಾಲು ಹೊದಿಸಿ ಕಳಸ್ತಾರ ನೋಡ್ರಿ" ಅಂದ. ಮರಾಠಿಯಲ್ಲಿ ಪುಢೆ ಅಂದ್ರೆ ಮುಂದೆ. ಮುಂದೆ ನಡೆಯೋನು ಪುಢಾರಿ, ಮುಂದಾಳು. ಅಲ್ಲಿ ಅದು ಮರ್ಯಾದೆಯ ಪದ, ಕೊಲ್ಹಾಪುರದಿಂದ ಹೊರಡೋ ದೊಡ್ಡ ದಿನಪತ್ರಿಕೆಯ ಹೆಸರೇ ಪುಢಾರಿ. ಅದೇ ಪದ ಕನ್ನಡಕ್ಕೆ ಬರೋ ಹೊತ್ತಿಗೆ ಇಸ್ತ್ರಿ ಅಂಗಿ ಹಾಕ್ಕೊಂಡು ಎಲ್ಲರ ಮದುವೆಯಲ್ಲೂ ಮೊದಲ ಪಂಕ್ತಿಯಲ್ಲಿ ಕೂರೋ ಆಸಾಮಿ ಆಗಿಬಿಟ್ಟ. ಕನ್ನಡದಲ್ಲಿ ಯಾರಾದ್ರೂ ಪುಢಾರಿ ಅಂತ ಪತ್ರಿಕೆ ಮಾಡಲಿ ನೋಡೋಣ, ಹಾಸ್ಯ ಪತ್ರಿಕೆ ಅಂದ್ಕೊಂಡು ಕೊಂಡ್ಕೋತಾರೆ.

ಅಕ್ಕಲಕೋಟೆ, ಜತ್ತದ ಕನ್ನಡಿಗನಿಗೆ ಈ ಪದದ ಎರಡು ಮುಖವೂ ಗೊತ್ತು. ಮರಾಠಿಯಲ್ಲಿ ಮಾತಾಡೋವಾಗ ಪುಢಾರಿಗೆ ನಮಸ್ಕಾರ, ಮನೆಗೆ ಬಂದು ಕನ್ನಡದಲ್ಲಿ ಮಾತಾಡೋವಾಗ ಪುಢಾರಿಗೆ ನಗು. ಒಬ್ಬನೇ ಮನುಷ್ಯ, ಎರಡು ಲೆಕ್ಕ. ಗೆಳೆಯ ಇನ್ನೊಂದು ಕೊಟ್ಟ: ದೀಡ್ ಶಹಾಣಾ. ಶಹಾಣಾ ಅಂದ್ರೆ ಜಾಣ, ದೀಡ್ ಅಂದ್ರೆ ಒಂದೂವರೆ. ಒಬ್ಬ ಜಾಣನಿಗಿಂತ ಅರ್ಧ ಜಾಸ್ತಿ ಜಾಣ. ಉತ್ತರ ಕರ್ನಾಟಕದವರು "ಭಾಳ ಶ್ಯಾಣ್ಯಾ ಅದಿ" ಅಂತ ಕುಟುಕೋದು ಇದೇ ಶಹಾಣಾ. ನಮ್ಮ ಬ್ರಾಂಚ್‌ನಲ್ಲಿ ಈ ಒಂದೂವರೆಯವರಿಗೆ ಕೊರತೆಯಿಲ್ಲ.

ಇಲ್ಲಿಗೆ ಒಬ್ಬರು ಎದ್ದು ನಿಲ್ತಾರೆ, ಗೊತ್ತು. "ಪುಢಾರಿ ಮರಾಠಿ, ಲಾರ್ಡು ಇಂಗ್ಲಿಷು, ದಂಡ ಸಂಸ್ಕೃತ. ಇದರಲ್ಲಿ ಕನ್ನಡ ಎಲ್ಲಿದೆ? ನೋಡಿದ್ರಾ ಗಡಿ ಭಾಷೆಯ ಕಲಬೆರಕೆ!" ಅವರಿಗೆ ಇನ್ನೆರಡು ಕೊಡ್ತೀನಿ, ತಗೊಳ್ಳಿ. ದೌಲತ್ತು, ಮೂಲ ಅರಬ್ಬಿಯ ದೌಲತ್, ಅರ್ಥ ರಾಜ್ಯ, ಸಂಪತ್ತು. ಧಿಮಾಕು, ಮೂಲ ಅರಬ್ಬಿಯ ದಿಮಾಗ್, ಅರ್ಥ ಮಿದುಳು. ಇವು ಬೆಂಗಳೂರಲ್ಲೂ ಮೈಸೂರಲ್ಲೂ ದಿನಾ ಓಡಾಡ್ತವೆ, ಗಡಿಯವರು ತಂದು ಸುರಿದದ್ದಲ್ಲ. ಮಿದುಳನ್ನ ಅಹಂಕಾರ ಮಾಡಿದ್ದು ಯಾವ ಭಾಷೆಯ ಬುದ್ಧಿ? ನಾಯಕನನ್ನ ನಗೆಪಾಟಲು ಮಾಡಿದ್ದು ಯಾವ ಬಾಯಿ? ಬಂಗಾರ ಎಲ್ಲಿಂದಲೋ ಬಂತು, ಒಡವೆ ಮಾಡಿದ್ದು ನಮ್ಮ ಅಕ್ಕಸಾಲಿ. ಆಳೋಕೆ ಬಂದವನು ತನ್ನ ಪದವಿಯ ಹೆಸರನ್ನ ತನ್ನ ಭಾಷೆಯಲ್ಲೇ ತರ್ತಾನೆ. ಹಾಗಾಗಿ ಗೇಲಿ ಪದದ ಮೂಲ ಪರಭಾಷೆ ಆಗಿದ್ರೆ ಅದು ನಮ್ಮ ಭಾಷೆಯ ಕೊರತೆ ಅಲ್ಲ. ಯಾರು ಆಳಿದ್ರು ಅನ್ನೋದಕ್ಕೆ ರಸೀದಿ ಅದು.

ಇಷ್ಟು ಹೇಳಿ ಮೀಸೆ ತಿರುವಿ ಕೂತುಬಿಟ್ರೆ ನಾನೂ ಒಂದೂವರೆ ಜಾಣನೇ. ಯಾಕಂದ್ರೆ ನಮ್ಮ ಹತ್ರ ಇನ್ನೊಂದು ಚೀಲ ಇದೆ, ಅದನ್ನೂ ಬಿಚ್ಚಬೇಕು.

ಕೊಬ್ಬು. ಇದಂತೂ ಅಚ್ಚ ದ್ರಾವಿಡ. ಹಳಗನ್ನಡದಲ್ಲಿ ಕೊರ್ಬು, ತಮಿಳಿನಲ್ಲಿ ಕೊಳುಪ್ಪು, ತೆಲುಗಿನಲ್ಲಿ ಕೊವ್ವು. ತಾಳವಾಡಿಯಲ್ಲಾಗಲಿ ಆದೋನಿಯಲ್ಲಾಗಲಿ ಒಂದೇ ಮಾತು, ಒಂದೇ ಅರ್ಥ: ಮೈಯಲ್ಲಿರೋ ನೆಣ, ಮತ್ತೆ ಅಹಂಕಾರ. ಸೊಕ್ಕು. ಇದೂ ನಮ್ಮದೇ. ಹಳಗನ್ನಡದಲ್ಲಿ ಸೊರ್ಕು, ಅಂದ್ರೆ ಮದ, ಅಮಲು. ಮದವೇರಿದ ಆನೆ ಸೊರ್ಕಾನೆ.

ಈ ಪದಗಳನ್ನ ಯಾರ ಮೇಲೆ ಎಸೀತೀವಿ ಅಂತ ಒಂದು ವಾರ ಕಿವಿಗೊಟ್ಟು ಕೇಳಿ. ನಾನು ಕೇಳಿದೀನಿ. ಸ್ತ್ರೀಶಕ್ತಿ ಗುಂಪಿನ ಒಬ್ಬ ಹುಡುಗಿ ಬಂದು, ನಮ್ಮ ಸಾಲದ ಅರ್ಜಿ ಯಾಕೆ ತಿರಸ್ಕಾರ ಆಯ್ತು, ಕಾರಣ ಬರೆದು ಕೊಡಿ ಅಂತ ಕೇಳಿದ್ಲು. ಕೇಳಿದ್ದು ನ್ಯಾಯವಾಗೇ ಇತ್ತು. ಅವಳು ಬಾಗಿಲು ದಾಟೋಕೆ ಮುಂಚೆ ನಮ್ಮವರ ಬಾಯಲ್ಲಿ ಬಂದದ್ದು: "ಎಷ್ಟು ಕೊಬ್ಬು!" ಮೊದಲನೇ ಸಂಬಳದಲ್ಲಿ ಕೂಲಿಂಗ್ ಗ್ಲಾಸ್ ಕೊಂಡ ಕೂಲಿಯವರ ಮಗನಿಗೆ ಸೊಕ್ಕು. ಗಾಡಿ ಕಲಿತ ಸೊಸೆಗೆ ಸೊಕ್ಕು. ಮೂರು ಸಲ ಬಂದು ಸುಸ್ತಾಗಿ ಪ್ರಶ್ನೆ ಕೇಳಿದ ಅಜ್ಜನಿಗೆ ಸೊಕ್ಕು. ಹತ್ತು ಕೋಟಿ ಸಾಲ ಮುಳುಗಿಸಿ ಎಸಿ ಕ್ಯಾಬಿನ್‌ನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂರೋನಿಗೆ? ಅವರಿಗೆ "ಸಾರ್, ಕಾಫಿನಾ ಟೀನಾ?"

ಪದಗಳ ಹುಟ್ಟು ನೋಡಿದ್ರೆ ಇದರ ಗುಟ್ಟು ತಿಳಿಯುತ್ತೆ. ದೊಣ್ಣೆನಾಯಕ, ಪಾಳೇಗಾರ, ದೊರೆ, ಕಲೆಕ್ಟರ್, ಪುಢಾರಿ: ಇವೆಲ್ಲ ಪದವಿಯಿಂದ ಹುಟ್ಟಿದ ಪದಗಳು. ಕೆಳಗಿದ್ದವನು ಮೇಲೆ ನೋಡಿ ಮಾಡಿದ್ದು. ಕೊಬ್ಬು, ಸೊಕ್ಕು: ಇವು ಮೈಯಿಂದ, ಹೊಟ್ಟೆಯಿಂದ, ಅಮಲಿನಿಂದ ಹುಟ್ಟಿದವು. "ಉಂಡು ಕೊಬ್ಬಿದೆ" ಅನ್ನೋದರ ಒಳಗಿನ ಮಾತೇನು? ನಿನಗೆ ಅನ್ನ ಸಿಕ್ಕಿದ್ದೇ ತಪ್ಪಾಯ್ತು ಅಂತ. ಹಸಿದೇ ಇರಬೇಕಾದವನು ತುಂಬ ತಿಂದ ಅನ್ನೋ ಲೆಕ್ಕ ಅದು. ಅನ್ನ ಅಳೆದು ಹಾಕೋ ಜಾಗದಲ್ಲಿ ಕೂತವನು ಮಾತ್ರ ಈ ಲೆಕ್ಕ ಇಡ್ತಾನೆ.

ಗಾದೆಯೂ ಇದೆಯಲ್ಲ, ಅಲ್ಪನಿಗೆ ಐಶ್ವರ್ಯ ಬಂದ್ರೆ ಅರ್ಧರಾತ್ರೀಲಿ ಕೊಡೆ ಹಿಡಿದನಂತೆ. ತಮಿಳಿನಲ್ಲಿ ಇದೇ ಗಾದೆ, ಮಲಯಾಳದಲ್ಲೂ ಇದೇ. ಸಣ್ಣವನಿದ್ದಾಗಿಂದ ಕೇಳಿ ನಕ್ಕಿದೀನಿ. ಆದ್ರೆ ಕೊಡೆಯೇ ಯಾಕೆ? ಕೊಡೆ ಆಗ ಮಳೆಗೆ ಹಿಡಿಯೋ ಸಾಮಾನು ಅಲ್ಲ, ಅಂತಸ್ತಿನ ಗುರುತು. ಅರಸರಿಗೆ, ಮೇಲಿನವರಿಗೆ ಮಾತ್ರ. ತಿರುವಾಂಕೂರಿನಲ್ಲಿ 19ನೇ ಶತಮಾನದಲ್ಲೂ ನಾಡಾರ್ ಸಮುದಾಯದವರು ಕೊಡೆ ಹಿಡಿಯೋ ಹಾಗಿರಲಿಲ್ಲ, ಚಪ್ಪಲಿ ಮೆಟ್ಟೋ ಹಾಗಿರಲಿಲ್ಲ. ಅಂಥ ಕಾಲದಲ್ಲಿ ಕೈಗೆ ಕೊಡೆ ಸಿಕ್ಕ ಮನುಷ್ಯ ಹಗಲಲ್ಲಿ ಹಿಡಿದ್ರೆ ಏಟು ಬೀಳುತ್ತೆ. ಅವನು ಅರ್ಧರಾತ್ರಿ ಹಿಡಿಯದೆ ಇನ್ಯಾವಾಗ ಹಿಡೀಬೇಕು? ಹಗಲು ಕೊಡೆ ಹಿಡಿದವನ ಮೇಲೆ ಒಂದು ಗಾದೆಯೂ ಇಲ್ಲ, ನೋಡಿ.

ಹಾಗಂತ ಪದವಿಯ ಪದಗಳೆಲ್ಲ ಒಳ್ಳೇವು, ಮೈ ಪದಗಳೆಲ್ಲ ಕೆಟ್ಟವು ಅಂತ ಪಟ್ಟಿ ಮಾಡಿ ಗೋಡೆಗೆ ಅಂಟಿಸೋಕೂ ಆಗಲ್ಲ. ಐಎಎಸ್‌ಗೆ ಓದೋ ಬಡ ಹುಡುಗಿಗೆ "ಆದ್ಲು ಬಿಡು ಕಲೆಕ್ಟರ್" ಅಂದ್ರೆ ಆ ಪದವೂ ಕೆಳಗೆ ಬಿದ್ದ ಕಲ್ಲೇ. ಲಂಚ ತಿಂದ ಅಧಿಕಾರಿಗೆ ಕೊಬ್ಬು ಅಂದ್ರೆ ಆ ಪದ ಸರಿಯಾದ ಜಾಗಕ್ಕೇ ಹೋಯ್ತು. ಪದ ಯಾವ ಭಾಷೆಯದ್ದು, ಶುದ್ಧವೋ ಕಲಬೆರಕೆಯೋ ಅಂತ ಪಂಡಿತರು ಜಗಳ ಆಡಿಕೊಳ್ಳಲಿ. ನಾನು ಕೇಳೋದು ಒಂದೇ: ಎಸೆದ ಕಲ್ಲು ಮೇಲಕ್ಕೆ ಹೋಯ್ತಾ, ಕೆಳಕ್ಕೆ ಬಿತ್ತಾ?

ನಾಗರಿಕರು ಅನ್ನಿಸಿಕೊಂಡ ನಮಗೆ ಆಗಿರೋ ರೋಗ ಏನಂದ್ರೆ, ಮೇಲಕ್ಕೆ ಹೋಗೋ ಕಲ್ಲು ಕಂಡ್ರೆ ಅಸಭ್ಯ ಅಂತೀವಿ, ಕೆಳಕ್ಕೆ ಬೀಳೋ ಕಲ್ಲನ್ನ ಗಾದೆ ಅಂತ ಮಕ್ಕಳಿಗೆ ಬಾಯಿಪಾಠ ಮಾಡಿಸ್ತೀವಿ. "ನೀನ್ಯಾವ ದೊಣ್ಣೆನಾಯಕ" ಅಂದ ಹುಡುಗನ ಕಿವಿ ಹಿಂಡೋ ಮೇಷ್ಟ್ರು ಅದೇ ತರಗತಿಯಲ್ಲಿ ಅಲ್ಪನ ಗಾದೆಯನ್ನ ವಿಸ್ತರಿಸಿ ಬರೆಯಿರಿ ಅಂತ ಐದು ಅಂಕಕ್ಕೆ ಕೊಡ್ತಾರೆ. ನಮ್ಮ ಅಜ್ಜ ಆಡಿದ ಮಾತಿಗೆ ಬ್ರಾಂಚಿನಲ್ಲಿ ಎಲ್ಲರಿಗೂ ಸಿಟ್ಟು ಬಂತು. ಅಜ್ಜನ ಬೆನ್ನ ಹಿಂದೆ ಆಡಿದ ಸೊಕ್ಕು ಅನ್ನೋ ಮಾತಿಗೆ ಒಬ್ಬರಿಗೂ ಏನೂ ಅನ್ನಿಸಲಿಲ್ಲ. ಅವತ್ತು ನನಗೂ ಅನ್ನಿಸಲಿಲ್ಲ.

ಆ ಸಂಜೆ ಸುತ್ತೋಲೆ ತೆಗೆದು ಓದಿದೆ. ಹೆಸರು, ವಿಳಾಸ ಏನೂ ಬದಲಾಗಿಲ್ಲದಿದ್ರೆ ಕೆವೈಸಿ ನವೀಕರಣಕ್ಕೆ ಗ್ರಾಹಕರ ಸ್ವಯಂ ಘೋಷಣೆ ಸಾಕು, ರಿಸರ್ವ್ ಬ್ಯಾಂಕೇ ಹೇಳಿದೆ. ಒಂದು ಹಾಳೆ. ಒಂದು ಹೆಬ್ಬೆಟ್ಟಿನ ಗುರುತು. ಮೊದಲನೇ ದಿನವೇ ಐದು ನಿಮಿಷದಲ್ಲಿ ಮುಗೀತಿತ್ತು. ಮಷೀನು ಬೆರಳು ಹಿಡೀಲಿಲ್ಲ, ಸರಿ. ನಿಯಮ ಓದದೆ ಅಜ್ಜನನ್ನ ಮೂರು ಸಲ ಬಸ್ಸು ಹತ್ತಿಸಿದ್ದು ನಾನು. ಕೆಳಗೆ ನಿಂತವನನ್ನ ಕಾಯಿಸೋ ಅಧಿಕಾರ ಕೈಗೆ ಸಿಕ್ಕಿದ್ರೆ ಸಾಕು, ದಂಡನಾಯಕನ ದಂಡೇ ಬೇಕಿಲ್ಲ, ಒಂದು ರಬ್ಬರ್ ಸ್ಟಾಂಪು ಸಾಕು.

ಮಾರನೇ ದಿನ ಅಜ್ಜ ಬಂದ್ರು. ನಾನೇ ಕೌಂಟರಿಂದ ಹೊರಗೆ ಬಂದು ಬೆಂಚಿನ ಮೇಲೆ ಪಕ್ಕದಲ್ಲಿ ಕೂತು ಹಾಳೆ ಬರೆದುಕೊಟ್ಟೆ. ಅವರು ಹೆಬ್ಬೆಟ್ಟು ಒತ್ತಿದ್ರು, ಹಣ ಎಣಿಸಿ ಒಳಜೇಬಿಗೆ ಇಟ್ಕೊಂಡ್ರು. "ತಪ್ಪಾಯ್ತು ಅಜ್ಜ" ಅಂದೆ. ನನ್ನ ಮುಖ ನೋಡಿ, "ನಿಂದೇನ್ ತಪ್ಪು ಬುಡಪ್ಪ, ಆ ಕುರ್ಚಿನೇ ಅಂಗೆ" ಅಂದ್ರು.

ನಿಮ್ಮ ಕಡೆ ಇಂಥವರಿಗೆ ಏನಂತಾರೆ? ಕಾಸರಗೋಡಿನವರು, ಜತ್ತದವರು, ಮಡಕಶಿರಾದವರು, ತೆಲಂಗಾಣದ ಕಡೆಯವರು, ಎಲ್ಲ ಬರೀರಿ. ಪದದ ಜೊತೆ ಅದನ್ನ ಯಾರಿಗೆ ಅಂತಾರೆ ಅನ್ನೋದನ್ನೂ ಬರೀರಿ. ಬ್ಯಾಂಕಿನವರಿಗೆ ಅನ್ನೋ ಪದ ಇದ್ರೆ ಅದನ್ನೂ ಬಿಡಬೇಡಿ, ಲೆಡ್ಜರ್‌ನಲ್ಲಿ ಜಾಗ ಇದೆ.